ಪೆಟ್ಟಿಗೆಯ ಮೇಲೆ ಬರೆದ ಮುಖ

ಸರಿತಾ ಬನಹಟ್ಟಿಯ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತು ವರ್ಷ ಚಿತ್ರಕಲೆ ಕಲಿಸಿದಳು. ಕೊನೆಯ ವರ್ಷ ಆರನೆಯ ತರಗತಿಗೆ ಈಜಿಪ್ಟಿನ ಪಾಠ ಬಂದಾಗ ಮಕ್ಕಳಿಂದ ಮಮ್ಮಿ ಮಾಡಿಸಿದಳು. ಮಣ್ಣಿನ ಗೊಂಬೆಗೆ ಮಗ್ಗದ ಮನೆಗಳಿಂದ ತಂದ ಚಿಂದಿ ಸುತ್ತಬೇಕು. ಚಪ್ಪಲಿ ಡಬ್ಬಿಯೇ ಶವಪೆಟ್ಟಿಗೆ. ಮುಚ್ಚಳದ ಮೇಲೆ ರಾಜನ ಮುಖ.

"ಮುಖ ಯಾಕ್ರೀ ಅಕ್ಕಾರ?" ತರಗತಿಯ ಹುಡುಗಿ ದಾನೇಶ್ವರಿ ಕೇಳಿದಳು.

"ಸತ್ತವರ ಜೀವ ತಿರುಗಿ ಬಂದಾಗ ತನ್ನ ಮೈ ಯಾವುದಂತ ಗುರುತು ಹಿಡೀಲಿ ಅಂತ."

ಹುಡುಗಿ ರಾಜನನ್ನು ಬರೆಯಲಿಲ್ಲ. ಅಗಲ ಕುಂಕುಮ, ಮೂಗುಬಟ್ಟು, ಎಡಗೆನ್ನೆಯ ಮಚ್ಚೆ: ತನ್ನ ತಾಯಿ ತಾರವ್ವನನ್ನು ಬರೆದಳು. ತಾರವ್ವ ಆರು ತಿಂಗಳಿಂದ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದಳು. ಆ ಕಾಯಿಲೆಯ ಸಂಗತಿ ಸರಿತಾಗೆ ಗೊತ್ತಿರಲಿಲ್ಲ. "ಛಲೋ ಬಂದೈತಿ" ಎಂದು ಪೆಟ್ಟಿಗೆಯನ್ನು ಮನೆಗೆ ಕೊಟ್ಟು ಕಳಿಸಿದಳು.

ಹತ್ತು ದಿನಕ್ಕೆ ತಾರವ್ವ ತೀರಿಕೊಂಡಳು. ಆಮೇಲೆ ಎರಡು ವಾರ ಕಳೆದರೂ ಹುಡುಗಿ ಶಾಲೆಗೆ ಬರಲಿಲ್ಲ. ಸರಿತಾ ಮನೆಗೇ ಹೋದಳು. ಅಜ್ಜಿ ಬೋರವ್ವ ಹೊಸ್ತಿಲಲ್ಲೇ ತಡೆದಳು. ಸತ್ತವಳ ಮಂಚದ ಕೆಳಗೆ ಆ ಪೆಟ್ಟಿಗೆ ಸಿಕ್ಕಿತ್ತು.

"ಜೀವಂತ ಇದ್ದಾಕಿ ಮಾರಿ ಹೆಣದ ಪೆಟ್ಟಿಗಿ ಮ್ಯಾಲ ಬರದಾಳ್ರೀ ಈಕಿ. ಹೆತ್ತಾಕಿನ್ನ ತಾನ ಮಣ್ಣಿಗೆ ಕಳಿಸ್ಯಾಳ."

ಒಳಗೆ ದಾನೇಶ್ವರಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಊಟ ಬಿಟ್ಟು ಸೊರಗಿದ್ದಳು. ಅಜ್ಜಿಯ ಮಾತನ್ನು ಅವಳೂ ನಂಬಿದ್ದಳು. ಚಿತ್ರದಿಂದ ಯಾರೂ ಸಾಯುವುದಿಲ್ಲ ಎಂದು ಸರಿತಾ ಪರಿಪರಿಯಾಗಿ ಹೇಳಿದಳು. ಬೋರವ್ವ ಕೇಳಲಿಲ್ಲ. ಕಡೆಗೆ ಸರಿತಾ ಸುಳ್ಳು ಹೇಳಿದಳು.

"ಆಕೀದು ತಪ್ಪಿಲ್ರೀ ಯಮ್ಮಾ. ನಿಮ್ಮವ್ವನ ಮಾರಿ ಬರಿ ಅಂತ ನಾನ ಹೇಳೇನಿ. ಆಕಿ ಒಲ್ಲೆ ಅಂದ್ಳು, ನಾನ ಬೈದು ಬರಿಸೇನಿ."

ದಾನೇಶ್ವರಿ ತಿರುಗಿ ನೋಡಿದಳು. ಬೋರವ್ವ ಅಂಗಳದ ಮಣ್ಣು ಬಾಚಿ ಸರಿತಾಳ ಮೇಲೆ ತೂರಿದಳು. ಓಣಿಯೆಲ್ಲ ಸೇರಿತು. "ನೀ ಮಕ್ಕಳನ್ನ ಹಡದಿಲ್ಲೇನ ಬೇ?" ಎಂದು ಯಾರೋ ಕೂಗಿದರು. ಅಂದು ಮುದುಕಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಣ್ಣಿಸಿದಳೆಂದು ಸರಿತಾಗೆ ಆಮೇಲೆ ತಿಳಿಯಿತು.

ಪಾಲಕರು ಶಾಲೆಗೆ ನುಗ್ಗಿದರು. ಸೋಮವಾರದಿಂದ ಬರಬೇಡಿ ಎಂದರು ಹೆಡ್‌ಮಾಸ್ತರು.

"ಖರೆ ಹೇಳಾಕ ಏನಾಗಿತ್ತು?" ಗಂಡ ಪರಮೇಶ ಕೇಳಿದ.

"ಹೇಳಿದ್ರ ಆ ಕೂಸು ಎಲ್ಲಿ ಹೋಗಬೇಕ್ರಿ?"

ಬೇರೆ ಯಾವ ಶಾಲೆಯೂ ಅವಳನ್ನು ತೆಗೆದುಕೊಳ್ಳಲಿಲ್ಲ. ಈಗ ಜಮಖಂಡಿಯ ಸೀರೆ ಅಂಗಡಿಯೊಂದರಲ್ಲಿ ದುಡಿಯುತ್ತಾಳೆ. ಹೋದ ವರ್ಷ ಬೋರವ್ವ ಮೊಮ್ಮಗಳನ್ನೂ ಅವಳ ಗೆಳತಿಯನ್ನೂ ಕರೆದುಕೊಂಡು ಅಲ್ಲಿಗೆ ಬಂದಳು. ದಾನೇಶ್ವರಿ ಎತ್ತರ ಬೆಳೆದಿದ್ದಳು. ಸರಿತಾಳನ್ನು ಕಂಡದ್ದೇ ಗೆಳತಿಗೆ ಹೇಳಿದಳು:

"ನಾ ಒಲ್ಲೆ ಒಲ್ಲೆ ಅಂದ್ರೂ ನಮ್ಮವ್ವನ ಮಾರಿ ಬರಿಸಿದಾಕಿ ಈಕೀನ."

ದನಿಯಲ್ಲಿ ನಟನೆ ಇರಲಿಲ್ಲ. ಅವಳಿಗೆ ಅದೇ ನಿಜವಾಗಿತ್ತು. ಮೂವರೂ ಏನೂ ಕೊಳ್ಳದೆ ಅಂಗಡಿಯ ಮೆಟ್ಟಿಲಿಳಿದು ಹೋದರು. ಸರಿತಾ ಕರೆಯಲಿಲ್ಲ.