ಗೂಟದ ಮೇಲಿನ ರುಮಾಲು

ಟ್ರಂಕಿನ ಮುಚ್ಚಳ ತೆಗೆದರೆ ಬೇವಿನೆಲೆಯ ಒಣ ವಾಸನೆ. ಮೊಮ್ಮಗನಿಗೆ ಮದುವೆಯಲ್ಲಿ ಸುತ್ತಿಕೊಳ್ಳಲು ಹಳೆಯ ರುಮಾಲು ಬೇಕಂತೆ; ಬಾಡಿಗೆಯ ಪೇಟ ಬೇಡವಂತೆ. ಅಡಿಯಲ್ಲಿದ್ದ ಕೆಂಪು ರುಮಾಲು ಅವನ ಕೈಗೇ ಸಿಕ್ಕಿತು.

"ಆಯಿ, ಇದು ಮುತ್ಯಾಂದಲ್ಲಾ?" ಎಂದ. ಇಷ್ಟು ವರ್ಷ ಕೇಳಿದವರಿಗೆಲ್ಲ ಹೌದು ಎಂದೇ ಹೇಳಿದ್ದೇನೆ. ಈ ಸಲ ಅದಕ್ಕೆ ಅಂಟಿದ್ದ ಬೇವಿನೆಲೆಗಳನ್ನು ಒಂದೊಂದಾಗಿ ಆರಿಸತೊಡಗಿದೆ.

ಅವನ ಮುತ್ಯಾ, ಅಂದರೆ ನನ್ನ ಮಾವ, ನಿಜಾಮರ ಕಾಲದಲ್ಲಿ ತಾವರಗೇರಾ ಕಡೆಯ ನಮ್ಮೂರಿಗೆ ಪೊಲೀಸ್ ಪಾಟೀಲರು. ಹೆಸರು ಕೇಳಿ ಖಾಕಿ, ಬೂಟು ನೆನೆಸಿಕೊಳ್ಳಬೇಡಿ. ಅಪ್ಪನಿಂದ ಮಗನಿಗೆ ಬಂದ ಅಧಿಕಾರ ಅದು. ಊರಿಗೆ ಹೊಸಬರು ಬಂದರೆ, ಕಳವಾದರೆ, ಯಾರಾದರೂ ಸತ್ತರೆ ಠಾಣೆಯ ಅಮೀನರಿಗೆ ತಿಳಿಸುವುದು ಅವರ ಕೆಲಸ. ಬೇಡಿ ಇರಲಿಲ್ಲ, ಕೋಣೆ ಇರಲಿಲ್ಲ. ಯಾರ ಮೇಲಾದರೂ ಅನುಮಾನ ಬಂದರೆ ಅವನ ರುಮಾಲು ತೆಗೆಸಿ ನಮ್ಮ ಪಡಸಾಲೆಯ ಗೂಟಕ್ಕೆ ಹಾಕುವರು. ಬರಿತಲೆಯಲ್ಲಿ ಯಾವ ಗಂಡಸು ಅಗಸಿ, ಅಂದರೆ ಊರಬಾಗಿಲು, ದಾಟುತ್ತಾನೆ? ಇನ್ನೊಬ್ಬರದು ಸುತ್ತಿಕೊಂಡರೆ ಓಡಿಹೋದಂತೆಯೇ ಲೆಕ್ಕ.

ನಾನಾಗ ಹೊಸ ಸೊಸೆ. ಪಾಟೀಲರ ಮನೆಯೆಂಬ ಗತ್ತು ಮಾವನಿಗಿಂತ ನನಗೇ ಹೆಚ್ಚು. ಮಜ್ಜಿಗೆ ಕೇಳಲು ಬಂದವರನ್ನೂ ವಿಚಾರಣೆ ಮಾಡಿಯೇ ಕಳಿಸುತ್ತಿದ್ದೆ. ಒಮ್ಮೆ ಯಾರದೋ ಎತ್ತು ಕಾಣೆಯಾಗಿ, ಹನುಮಪ್ಪನೆಂಬ ರೈತನ ರುಮಾಲು ಗೂಟಕ್ಕೇರಿತು. ಮರುದಿನ ಮಾವ ಠಾಣೆಗೆ ಹೋದ ಮೇಲೆ ಅವನು ಬರಿತಲೆಯಲ್ಲಿ ಬಂದು ಕಟ್ಟೆಯ ಕೆಳಗೆ ನಿಂತ.

"ಅವ್ವಾರ, ಇವತ್ತ ಹುಲಿಹೈದರಕ್ಕ ಹೋಗಿ ಮಗಳ ಲಗ್ನದ ಮಾತು ಮುಗಿಸಬೇಕ್ರಿ. ಬರಿತಲಿ ನೋಡಿದ್ರ ಬೀಗರು ಕಳ್ಳ ಅಂತಾರ್ರಿ. ರುಮಾಲ ಕೊಡ್ರಿ, ಹೊತ್ತು ಮುಳುಗೂದ್ರಾಗ ತಂದು ಇದ ಗೂಟಕ್ಕ ಹಾಕ್ತೀನಿ."

"ಮಾವಾರು ಬರ್ಲಿ. ನನ್ನ ಕೈಯಾಗ ಏನೈತಿ?" ಎಂದೆ.

ಗೂಟ ನನ್ನ ಕೈಗೆ ಎಟುಕುವಷ್ಟೇ ಎತ್ತರದಲ್ಲಿತ್ತು. ನಾನು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದೆ. ಅವನು ಮಧ್ಯಾಹ್ನದವರೆಗೂ ಕಟ್ಟೆಯ ಮೇಲೆ ಕೂತಿದ್ದ.

ಸಂಜೆ ಮಾವನಿಗೆ ಹೆಮ್ಮೆಯಿಂದಲೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಕೊಡಬೇಕಿತ್ತವಾ. ಓಡಿ ಹೋಗಾಂವ ಕೇಳಾಕ ಬರ್ತಾನೇನು?" ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದರು.

ಮೂರನೆಯ ದಿನ ಎತ್ತು ಸಿಕ್ಕಿತು. ಹಗ್ಗ ಹರಿದುಕೊಂಡು, ತನ್ನನ್ನು ಮಾರಿದ್ದ ಹಳೆಯ ಒಡೆಯನ ಕೊಟ್ಟಿಗೆಗೆ ತಾನೇ ಹೋಗಿ ನಿಂತಿತ್ತಂತೆ. ಅಷ್ಟರಲ್ಲಿ ಬೀಗರು ಸಂಬಂಧ ಬೇಡವೆಂದು ಹೇಳಿಕಳಿಸಿದ್ದರು. ಮಾವ ರುಮಾಲು ಹಿಡಿದು ತಾವೇ ಹನುಮಪ್ಪನ ಮನೆಗೆ ಹೋದರು, ಹಾಗೇ ಹಿಂದಕ್ಕೆ ತಂದರು. "ಗೌಡ್ರ, ಬೇಕಾದಾಗ ಸಿಗಲಿಲ್ಲ. ಇನ್ನ ನಿಮ್ಮ ಗೂಟಕ್ಕ ಇರ್ಲಿ ಬಿಡ್ರಿ" ಅಂದನಂತೆ. ಆಮೇಲೆ ಅವನ ತಲೆಯ ಮೇಲೆ ರುಮಾಲು ಕಂಡವರಿಲ್ಲ.

ಹೋಗಿ ತಪ್ಪಾಯಿತು ಅನ್ನಬೇಕಿತ್ತು. ಸೊಸೆಯಾದವಳು ಹೊಸ್ತಿಲು ದಾಟುವಂತಿರಲಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಸುಳ್ಳು, ಅಡ್ಡ ಬಂದದ್ದು ಗತ್ತು. ಹನುಮಪ್ಪ ಹೋದ, ಮಾವ ಹೋದರು, ಪಾಟೀಲಕಿಯೂ ಹೋಯಿತು. ರುಮಾಲನ್ನು ಟ್ರಂಕಿನ ತಳಕ್ಕೆ ಹಾಕಿ ಬೇವಿನೆಲೆ ಮುಚ್ಚಿದೆ.

ಮೊಮ್ಮಗ ಅದನ್ನು ತಲೆಗೆ ಸುತ್ತಿಕೊಳ್ಳಲು ಹೊರಟ. ಕೈ ಹಿಡಿದೆ.

"ಇದು ನಮ್ಮದಲ್ಲಪ್ಪಾ. ಹನುಮಪ್ಪಂದು."

"ಮುತ್ಯಾ ಇಸ್ಕೊಂಡಿದ್ದೇನು? ಅಂವ ಏನ್ ತಪ್ಪು ಮಾಡಿದ್ದ ಆಯಿ?"

"ಅಂವ ಏನೂ ಮಾಡಿದ್ದಿಲ್ಲ," ಎಂದೆ. "ಮಾಡಿದಾಕಿ ನಾನು."