ಅಪ್ಪನ ಮೇಳದ ಮೊದಲ ಕ್ಯಾಸೆಟ್

ಇವತ್ತು ಯಲಬುರ್ಗಾದ ಗುಜರಿ ಅಂಗಡಿಯಲ್ಲಿ ಕ್ಯಾಸೆಟ್ಟುಗಳ ರಾಶಿ ಕಂಡು ಹೆಜ್ಜೆ ಮುಂದೆ ಹೋಗಲಿಲ್ಲ.

ಅಪ್ಪನ ಭಜನಾ ಮೇಳದ ಮೊದಲ ಕ್ಯಾಸೆಟ್ ಗಂಗಾವತಿಯಲ್ಲಿ ರೆಕಾರ್ಡ್ ಆಗಿತ್ತು. ಇದ್ದದ್ದು ಒಂದೇ ಪ್ರತಿ. ಮನೆಯಲ್ಲಿ ಟೇಪ್‌ರೆಕಾರ್ಡರ್ ಇರಲಿಲ್ಲ, ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟಳು.

"ನಿಮ್ಮಪ್ಪ ಇದರಾಗ ಶಿವನ್ನ ಹಾಡ್ಯಾರ. ದಿನಾ ಪೂಜಿ ಮಾಡವ್ವಾ."

ನಾನು ದಿನಾ ನೀರು ಚಿಮುಕಿಸಿ ವಿಭೂತಿ ಹಚ್ಚುತ್ತಿದ್ದೆ.

"ಮನ್ಯಾಗ ನನಗಿಂತ ಅದಕ್ಕ ಮರ್ಯಾದಿ ಭಾಳ ಐತಿ," ಎಂದು ಅಪ್ಪ ನಗುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ, ಒಮ್ಮೆ ಅವನ ದನಿ ಕೇಳಬೇಕೆಂದು ಅವ್ವ ಹಟ ಹಿಡಿದಳು. ಕಾಕಾ ಟೇಪ್‌ರೆಕಾರ್ಡರ್ ತಂದ. ಕರಕರ ಸದ್ದು ಬಿಟ್ಟು ಏನೂ ಬರಲಿಲ್ಲ. ಬಿಚ್ಚಿದರೆ ಒಳಗೆ ವಿಭೂತಿ ಮೆತ್ತಿ ರೀಲೆಲ್ಲ ಅಂಟಿಹೋಗಿತ್ತು. ಅವ್ವ ಅದನ್ನು ಸೆರಗಿನಿಂದ ಒರೆಸಿ ಮತ್ತೆ ಜಗಲಿಯ ಮೇಲಿಟ್ಟಳು.

ಅಪ್ಪ ಹಾಡುತ್ತಿದ್ದ ಪದಗಳೆಲ್ಲ ಈಗಲೂ ನನಗೆ ಬಾಯಿಪಾಠ. ಎಷ್ಟು ಕಣ್ಣು ಮುಚ್ಚಿ ಕುಳಿತರೂ ಅವನ ದನಿ ಮಾತ್ರ ನೆನಪಾಗುವುದಿಲ್ಲ.