ಮಡ್ಡಿ ಹೊಲದ ಬಿಳಿ ದ್ರಾಕ್ಷಿ

ನಮ್ಮೂರು ಮಸಗುಪ್ಪಿಯಲ್ಲಿ ನೀರಿದ್ದೂ ಕಬ್ಬು ಬೆಳೆಯದವನನ್ನು ತಲೆಕೆಟ್ಟವನೆಂದೇ ತಿಳಿಯುತ್ತಾರೆ. ನಾನು ಆ ಸಾಲಿಗೆ ಸೇರಿದ್ದು ಮೂರು ವರ್ಷದ ಹಿಂದೆ, ಗರಸು ಮಣ್ಣಿನ ಮಡ್ಡಿ ಹೊಲದಲ್ಲಿ ಶೆನಿನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿ ನೆಟ್ಟಾಗ. ಮೂಲ ಫ್ರಾನ್ಸಿನದಂತೆ. ನಾಸಿಕದಲ್ಲಿ ಬೇರುಬಿಟ್ಟು ಈಗ ನಮ್ಮ ಸೀಮೆಗೂ ಬಂದಿದೆ. ಸಣ್ಣ ಕಾಳು, ತೆಳು ಸಿಪ್ಪೆ, ಒತ್ತೊತ್ತಾದ ಗೊನೆ. ಸಂತೆಯ ದ್ರಾಕ್ಷಿಯಂತೆ ಔಷಧದಲ್ಲಿ ಅದ್ದಿ ಕಾಳು ಉಬ್ಬಿಸುವ ಹಾಗಿಲ್ಲ. ಒಳಗಿನ ಹುಳಿ ಇಳಿದುಹೋಗುವ ಮೊದಲೇ ಕೊಯ್ಯಬೇಕು, ಅದೂ ಬಿಸಿಲೇರುವುದರೊಳಗೆ. ವೈನಿಗೆ ಆ ಹುಳಿಯೇ ಜೀವ.

ನೆಡುವ ಮೊದಲು ಬೆಳೆ ಕೊಳ್ಳುವ ವೈನ್ ಕಂಪನಿಯವರು ನಮ್ಮಂಥ ರೈತರನ್ನೆಲ್ಲ ನಾಸಿಕಕ್ಕೆ ಕರೆದೊಯ್ದು ಒಂದೊಂದು ಗ್ಲಾಸು ಕೊಟ್ಟಿದ್ದರು. ತಣ್ಣಗಿತ್ತು, ತಿಳಿ ಹಳದಿ ಬಣ್ಣ. ಮೂಗಿಗೆ ಪೇರಲ ಹಣ್ಣು, ನಾಲಿಗೆಗೆ ಮಾವಿನಕಾಯಿ. ನನಗೆ ಹಿಡಿಸಿತು, ಅದನ್ನು ಹೇಳಲು ಈಗಲೂ ನಾಚಿಕೆಯಿಲ್ಲ.

ಆದರೆ ಅವ್ವನಿಗೆ ಹೇಳಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವಳು, ದಾರೂ ಎಂಬ ಮಾತನ್ನು ಹೊಸ್ತಿಲು ದಾಟಗೊಡದವಳು. ಒಣದ್ರಾಕ್ಷಿ ಮಾಡುತ್ತಾರೆಂದು ಸುಳ್ಳು ಹೇಳಿದೆ. "ಮಣೂಕ ಮಾಡಾಕ ಒಯ್ತಾರವ್ವಾ." ಅವಳು ನಂಬಿದಳು. ಎರಡು ವರ್ಷ ಬಳ್ಳಿಗಳನ್ನು ತಂತಿಗೆ ಕಟ್ಟಿದವಳು ಅವಳೇ, ಹಕ್ಕಿ ಓಡಿಸಿದವಳೂ ಅವಳೇ. ಒಂದು ಕಾಳನ್ನೂ ಬಾಯಿಗಿಡಲಿಲ್ಲ. ಹೊಸ ಬೆಳೆಯ ಮೊದಲ ಬುಟ್ಟಿ ಮಠದ ದಾಸೋಹಕ್ಕೆ ಮುಟ್ಟಬೇಕು, ಅಲ್ಲಿ ಬಂದ ಮಂದಿ ಉಣ್ಣಬೇಕು, ಆಮೇಲೆ ನಾವು. ಗೋದಿಯಿರಲಿ, ಗೋವಿನಜೋಳವಿರಲಿ, ಅವಳು ಈ ರೂಢಿ ತಪ್ಪಿಸಿದವಳಲ್ಲ.

ಹೋದ ಶಿವರಾತ್ರಿಯ ಆಸುಪಾಸು ಮೊದಲ ಕೊಯ್ಲಾಯಿತು. ಅವ್ವ ಒಳ್ಳೊಳ್ಳೆಯ ಗೊನೆ ಆರಿಸಿ ಬುಟ್ಟಿ ತುಂಬಿ, ಮೇಲೆ ಬಿಳಿ ಅರಿವೆ ಹೊದಿಸಿದಳು. ಅವಳ ತವರು ಹುಕ್ಕೇರಿ ಕಡೆ. ಅಲ್ಲಿಯ ಮಠಕ್ಕೇ ಒಯ್ಯಬೇಕೆಂದಳು. ಬೈಕಿನಲ್ಲಿ ಕರೆದೊಯ್ದೆ.

ದಾಸೋಹದ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು ಅವ್ವನ ದೂರದ ಅಣ್ಣ, ನನಗೆ ಮಾವನಾಗಬೇಕು. ಅರಿವೆ ಸರಿಸಿ ನೋಡಿ, ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳುವಂತೆ ಅಂದ: "ತಂಗೆವ್ವಾ, ಇದು ದಾರೂ ದ್ರಾಕ್ಷಿ ಐತಿ. ವೈನ್ ಕಂಪನಿಗೆ ಬೆಳದಾನ ನಿನ್ನ ಮಗ. ಇದನ್ನ ಇಲ್ಲಿ ಇಡಾಕ ಬರಂಗಿಲ್ಲ."

ಅವ್ವ ನನ್ನ ಮುಖ ನೋಡಿದಳು. ನಾನು ಅವಳನ್ನು ನೋಡಲಿಲ್ಲ, ಅವನ ಮೇಲೆ ಏರಿಹೋದೆ.

"ಮಾವಾರ, ನಿಮ್ಮ ಕಬ್ಬು ಎಲ್ಲಿ ಹೋಗತೈತ್ರಿ? ಸಕ್ರಿ ತಗದ ಮ್ಯಾಲ ಉಳಿಯೂ ಕಾಕಂಬಿ ಏನಾಗತೈತಿ? ಅದರಿಂದ ಸೆರೆ ಆಗೂದಿಲ್ಲೇನ್ರಿ? ನಿಮ್ಮ ಬೆಲ್ಲ ಮಾತ್ರ ಹುಗ್ಗಿಗೆ ನಡೀತೈತಿ?"

"ಅದು ಕಾರ್ಖಾನಿಯವರ ಕೆಲಸಪಾ. ನಮ್ಮ ಕೈಯಾಗೇನೈತಿ?" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಕೊಣ್ಣೂರಿನ ಒಂದು ಮದುವೆಯಲ್ಲಿ ಇದೇ ಮಾವ ಕಾರಿನ ಹಿಂದೆ ನಿಂತು ಗ್ಲಾಸು ಎತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ಕುಡಿಯುವವನಿಗೆ ಪಂಕ್ತಿಯಲ್ಲಿ ಜಾಗವುಂಟು, ಇನ್ನೂ ವೈನೇ ಆಗದ ಹಣ್ಣಿಗಿಲ್ಲ. ಅದನ್ನೂ ಅಂದೇಬಿಡುತ್ತಿದ್ದೆ. ಅಷ್ಟರಲ್ಲಿ ಅವ್ವ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಗೆ ನಡೆದಿದ್ದಳು. ಅಂಗಳ ದಾಟುವವರೆಗೂ ಯಾರೂ ಅವಳನ್ನು ಉಣ್ಣಲು ಕರೆಯಲಿಲ್ಲ. ತವರಿನ ಮಠದಿಂದ ಅವಳು ಉಪವಾಸ ಬಂದದ್ದು ಅದೇ ಮೊದಲು.

ದಾರಿಯುದ್ದಕ್ಕೂ ನಾನು ಒದರುತ್ತಲೇ ಬಂದೆ. ಮಾವನ ವಂಶವನ್ನೆಲ್ಲ ಜಾಲಾಡಿದೆ. ಊರಲ್ಲಿ ನಾಲ್ಕು ಜನರ ಮುಂದೆ ಅವನ ಮಾನ ಹರಾಜು ಹಾಕುತ್ತೇನೆ ಎಂದೆ. ಹಿಂದೆ ಕೂತ ಅವ್ವ ಬುಟ್ಟಿಯನ್ನು ತೊಡೆಯ ಮೇಲೆ ಅವುಚಿಕೊಂಡಿದ್ದಳು. ಧುಪದಾಳದ ಒಡ್ಡಿನ ಹತ್ತಿರ ಬಂದಾಗ ಬೆನ್ನು ತಟ್ಟಿ ಗಾಡಿ ನಿಲ್ಲಿಸು ಎಂದಳು.

ಬೇವಿನ ನೆರಳಲ್ಲಿ ಕೂತು ಅರಿವೆ ಬಿಚ್ಚಿದಳು. ಒಂದು ಕಾಳು ಕಿತ್ತು ಬಾಯಿಗಿಟ್ಟಳು. ಯಾರೂ ಉಣ್ಣದ ಬೆಳೆಯನ್ನು ತಾನೇ ಮೊದಲು ತಿಂದಳು!

"ಹುಳಿ ಐತಿ," ಎಂದಳು. ಇನ್ನೊಂದು ತಿಂದಳು.

"ಅವ್ವಾ, ಅವಗ ನಾ ಬಿಡಂಗಿಲ್ಲ..."

"ಅವನ ಮಾತು ಸಾಕು ಬಿಡು," ಅವ್ವ ತಣ್ಣಗೆ ಅಂದಳು. "ದಾರೂ ಆಗತೈತಂತ ನೀ ಮೊದಲ ಹೇಳಿದ್ರ, ಎರಡ ದಿನ ನಿನ್ನ ಕೂಡ ಮಾತ ಬಿಡ್ತಿದ್ದೆ. ಮೂರನೇ ದಿನ ಹೊಲಕ್ಕ ಬರ್ತಿದ್ದೆ. ಮಠಕ್ಕ ಹೋಗಿ ನಾನ ಹೇಳ್ತಿದ್ದೆ, ಇಂಥಾ ಬೆಳಿ ಐತ್ರಿ, ಬೇಕಾದ್ರ ಇಟ್ಕೋರಿ, ಬ್ಯಾಡಾದ್ರ ಬಿಡ್ರಿ ಅಂತ. ಊರಿಗೆಲ್ಲಾ ಗೊತ್ತಿತ್ತು. ಎರಡ ವರ್ಷ ಬಳ್ಳಿ ಕಟ್ಟಿದಾಕಿಗಿ ಗೊತ್ತಿರಲಿಲ್ಲ. ಅಷ್ಟ ಮಂದ್ಯಾಗ ನನಗ ಬಾಯಿ ಇಲ್ಲದಂಗ ಮಾಡಿದಾವ ಅವನಲ್ಲ, ತಮ್ಮಾ."